ಸೂಜಿ ಕೊಡುವ ಆಯಸ್ಸು, ಕೇಳುವ ಬೆಲೆ

ಪ್ರಾಸ್ಟೇಟ್ ಕ್ಯಾನ್ಸರ್‌ಗೆ ಕೊಡುವ ಹಾರ್ಮೋನ್ ಇಂಜೆಕ್ಷನ್ ನೋಡಲು ತೀರಾ ಸಾಧಾರಣ. ತಿಂಗಳಿಗೋ ಮೂರು ತಿಂಗಳಿಗೋ ಒಮ್ಮೆ ಹೊಟ್ಟೆಯ ಚರ್ಮದಡಿಗೆ ಅಥವಾ ಸೊಂಟದ ಸ್ನಾಯುವಿಗೆ ಚುಚ್ಚಿದರೆ ಮುಗಿಯಿತು. ಆಸ್ಪತ್ರೆಯಲ್ಲಿ ಮಲಗಬೇಕಿಲ್ಲ, ತಲೆಗೂದಲು ಉದುರುವುದಿಲ್ಲ, ವಾಂತಿಯ ಕಾಟವಿಲ್ಲ. ಬೆಳಗ್ಗೆ ಹೋದವರು ಮಧ್ಯಾಹ್ನದ ಊಟಕ್ಕೆ ಮನೆಗೆ ಬರಬಹುದು. ಹಾಗಾಗಿ ‘ಇದು ಕೀಮೋ ಅಲ್ಲವಲ್ಲ, ಹೆದರಬೇಡಿ’ ಎಂಬ ಸಮಾಧಾನ ಆಸ್ಪತ್ರೆಯಲ್ಲೂ ಸಿಗುತ್ತದೆ, ಬಂಧುಗಳಿಂದಲೂ ಸಿಗುತ್ತದೆ. ಕೆಲವು ವಾರ ಕಳೆಯುವಷ್ಟರಲ್ಲಿ ನಡುರಾತ್ರಿ ಮೈಯೆಲ್ಲ ಝಳ ಹೊಡೆದು ಬನಿಯನ್ ತೊಯ್ಯುತ್ತದೆ. ಮಹಡಿ ಹತ್ತುವಾಗ ತೊಡೆ ಸೋಲುತ್ತದೆ. ಹೆಂಡತಿಯ ಪಕ್ಕ ಮಲಗಿದರೂ ಮನಸ್ಸಿನಲ್ಲಿ ಏನೂ ಮಿಡಿಯುವುದಿಲ್ಲ. ಇದೆಲ್ಲ ಕ್ಯಾನ್ಸರ್‌ನಿಂದಲೋ ವಯಸ್ಸಿನಿಂದಲೋ ಔಷಧಿಯಿಂದಲೋ ಎಂದು ಗೊತ್ತಾಗದೆ ಎಷ್ಟೋ ಗಂಡಸರು ಒಳಗೊಳಗೇ ಕುಗ್ಗುತ್ತಾರೆ.

ಈ ಚಿಕಿತ್ಸೆಯ ಬಗ್ಗೆ ಎರಡು ನಿಲುವುಗಳಿವೆ. ಎರಡರಲ್ಲೂ ಹುರುಳಿದೆ. ಜೀವ ಉಳಿದರೆ ತಾನೆ ಉಳಿದದ್ದೆಲ್ಲ, ಕ್ಯಾನ್ಸರ್ ಬೆನ್ನುಮೂಳೆಗೆ ಇಳಿದ ಮೇಲೆ ಬೆವರು, ಸುಸ್ತು ಎಂದು ಲೆಕ್ಕ ಹಾಕುತ್ತ ಕೂರುವುದು ವಿವೇಕವಲ್ಲ ಎನ್ನುವುದು ಒಂದು. ಎಪ್ಪತ್ತು ದಾಟಿದ ಮನುಷ್ಯನ ಬಲ, ಮೂಳೆ, ದಾಂಪತ್ಯ, ನಿದ್ದೆ ಎಲ್ಲವನ್ನೂ ತೆಗೆದುಕೊಂಡು ರಕ್ತಪರೀಕ್ಷೆಯ ಒಂದು ಅಂಕಿಯನ್ನಷ್ಟೇ ಇಳಿಸಿದರೆ ಅವನಿಗೆ ದಕ್ಕಿದ್ದೇನು ಎನ್ನುವುದು ಇನ್ನೊಂದು. ಮೊದಲ ನಿಲುವಿನವರ ಕೈಯಲ್ಲಿ ಬಲವಾದ ಅಧ್ಯಯನಗಳಿವೆ. ಎರಡನೆಯವರ ಕೈಯಲ್ಲೂ ಇವೆ. ಎರಡನ್ನೂ ಒಟ್ಟಿಗೆ ಇಟ್ಟು ನೋಡಿದರೆ ಮಾತ್ರ ರೋಗಿಗೆ ಉಪಯೋಗ.

ಹಾರ್ಮೋನ್ ತಡೆದರೆ ಆಗುವುದೇನು

ಮೂತ್ರಕೋಶದ ಬುಡದಲ್ಲಿ ಮೂತ್ರನಾಳವನ್ನು ಸುತ್ತುವರಿದಿರುವ ಸಣ್ಣ ಗ್ರಂಥಿ ಪ್ರಾಸ್ಟೇಟ್. ಅದರ ಬೆಳವಣಿಗೆಗೆ ಮುಖ್ಯವಾಗಿ ವೃಷಣಗಳಲ್ಲಿ ತಯಾರಾಗುವ ಗಂಡು ಹಾರ್ಮೋನ್ ಟೆಸ್ಟೋಸ್ಟಿರಾನ್ ಬೇಕು. ಅಲ್ಲಿ ಹುಟ್ಟುವ ಕ್ಯಾನ್ಸರ್‌ಗೂ ಅದೇ ಬೇಕು. ಇದನ್ನು ಮನುಷ್ಯರಲ್ಲಿ ತೋರಿಸಿಕೊಟ್ಟವರು ಷಿಕಾಗೋ ವಿಶ್ವವಿದ್ಯಾಲಯದ ಶಸ್ತ್ರವೈದ್ಯ ಚಾರ್ಲ್ಸ್ ಹಗಿನ್ಸ್. ವೃಷಣಗಳನ್ನು ತೆಗೆದರೆ ಅಥವಾ ಈಸ್ಟ್ರೋಜನ್ ಕೊಟ್ಟರೆ ಹರಡಿದ ಪ್ರಾಸ್ಟೇಟ್ ಕ್ಯಾನ್ಸರ್ ಹಿಮ್ಮೆಟ್ಟುತ್ತದೆ ಎಂದು 1941ರಲ್ಲಿ ಅವರು ಕ್ಲಾರೆನ್ಸ್ ಹಾಜಸ್ ಜೊತೆ ಪ್ರಕಟಿಸಿದರು. ಮೂಳೆನೋವಿನಿಂದ ಹಾಸಿಗೆ ಹಿಡಿದಿದ್ದವರು ಎದ್ದು ಓಡಾಡುವಂತಾದದ್ದು ಆ ಕಾಲಕ್ಕೆ ಬೆರಗು. ಹಗಿನ್ಸ್ ಅವರಿಗೆ 1966ರಲ್ಲಿ ನೊಬೆಲ್ ಬಂತು.

ಈಸ್ಟ್ರೋಜನ್ ಮಾತ್ರೆಯ ಕೇಡೂ ಬೇಗನೆ ಬಯಲಾಯಿತು. ದೊಡ್ಡ ಪ್ರಮಾಣದಲ್ಲಿ ಅದನ್ನು ನುಂಗಿದವರು ಹೃದಯಾಘಾತದಿಂದ, ರಕ್ತ ಹೆಪ್ಪುಗಟ್ಟಿ ಸಾಯುವುದು ಹೆಚ್ಚು ಎಂದು 1960ರ ದಶಕದಲ್ಲಿ ಅಮೆರಿಕದ ಮಾಜಿ ಸೈನಿಕರ ಆಸ್ಪತ್ರೆಗಳ ಅಧ್ಯಯನ ತೋರಿಸಿತು. ಆಮೇಲೆ ಬಂದದ್ದು ಮಿದುಳಿನ ದಾರಿ. ವೃಷಣಕ್ಕೆ ಕೆಲಸ ಮಾಡು ಎಂದು ಹೇಳುವ ಪಿಟ್ಯುಟರಿ ಗ್ರಂಥಿಯನ್ನೇ ಸುಮ್ಮನಾಗಿಸುವ ಲ್ಯೂಪ್ರೊಲೈಡ್ ಇಂಜೆಕ್ಷನ್‌ಗೆ 1985ರಲ್ಲಿ ಅಮೆರಿಕದಲ್ಲಿ ಅನುಮತಿ ಸಿಕ್ಕಿತು. ಗೋಸರೆಲಿನ್, ಟ್ರಿಪ್ಟೊರೆಲಿನ್ ಇದೇ ಕುಟುಂಬದವು. ಇವು ಮೊದಲ ಒಂದೆರಡು ವಾರ ಟೆಸ್ಟೋಸ್ಟಿರಾನ್ ಏರಿಸಿ ಆಮೇಲೆ ಬೀಳಿಸುತ್ತವೆ. ಬೆನ್ನುಮೂಳೆಯಲ್ಲಿ ಗಡ್ಡೆ ಇದ್ದವರಿಗೆ ಆ ಏರಿಕೆ ಅಪಾಯಕಾರಿಯಾದ್ದರಿಂದ ಆರಂಭದಲ್ಲಿ ಬೈಕಾಲುಟಮೈಡ್ ಮಾತ್ರೆ ಕೊಡುತ್ತಾರೆ. ಡೆಗರೆಲಿಕ್ಸ್ ಇಂಜೆಕ್ಷನ್, ರೆಲುಗೊಲಿಕ್ಸ್ ಮಾತ್ರೆಗಳಲ್ಲಿ ಈ ಆರಂಭದ ಏರಿಕೆ ಇಲ್ಲ.

ದಾರಿ ಯಾವುದಾದರೂ ತಲುಪುವ ಜಾಗ ಒಂದೇ. ರಕ್ತದಲ್ಲಿ ನೂರುಗಟ್ಟಲೆ ನ್ಯಾನೋಗ್ರಾಂ ಇರಬೇಕಾದ ಟೆಸ್ಟೋಸ್ಟಿರಾನ್ 50ಕ್ಕಿಂತ ಕೆಳಗೆ ಇಳಿಯುತ್ತದೆ. ಆ ಹಾರ್ಮೋನ್ ಬೇಕಾಗಿದ್ದದ್ದು ಪ್ರಾಸ್ಟೇಟ್‌ಗೆ ಮಾತ್ರವಲ್ಲ. ಮೂಳೆ, ಸ್ನಾಯು, ರಕ್ತಕಣ, ಕೊಬ್ಬಿನ ಹಂಚಿಕೆ, ಕಾಮಾಸಕ್ತಿ, ಮೈಯ ಶಾಖದ ನಿಯಂತ್ರಣ, ಮನಸ್ಸಿನ ಉತ್ಸಾಹ ಎಲ್ಲಕ್ಕೂ ಅದು ಬೇಕು. ಆದ್ದರಿಂದ ಇಲ್ಲಿ ಅಡ್ಡಪರಿಣಾಮ ಎನ್ನುವುದು ಔಷಧಿ ದಾರಿ ತಪ್ಪಿದಾಗ ಆಗುವಂಥದ್ದಲ್ಲ. ಔಷಧಿ ಸರಿಯಾಗಿ ಕೆಲಸ ಮಾಡಿದಾಗಲೇ ಆಗುವಂಥದ್ದು. ಈ ಚಿಕಿತ್ಸೆಯ ತೂಗಾಟ ಕಷ್ಟವಾಗಿರುವುದು ಇದೇ ಕಾರಣಕ್ಕೆ.

ಆಯಸ್ಸಿನ ಪರವಾದ ಸಾಕ್ಷ್ಯ

ಮೊದಲು ಲಾಭದ ಕಡೆ ನೋಡೋಣ. ಕ್ಯಾನ್ಸರ್ ಗ್ರಂಥಿಯ ಸುತ್ತಮುತ್ತ ಬೆಳೆದಿದ್ದರೂ ದೂರಕ್ಕೆ ಹರಡಿರದ ರೋಗಿಗಳಿಗೆ ರೇಡಿಯೇಶನ್ ಕೊಡುತ್ತಾರೆ. ಅದರ ಜೊತೆ ಹಾರ್ಮೋನ್ ತಡೆಯೂ ಬೇಕೆ ಎಂಬ ಪ್ರಶ್ನೆಗೆ ಫ್ರಾನ್ಸಿನ ಮಿಷೆಲ್ ಬೊಲ್ಲಾ ನೇತೃತ್ವದ ಯುರೋಪಿನ ಅಧ್ಯಯನ 1997ರಲ್ಲಿ ಉತ್ತರ ಕೊಟ್ಟಿತು. ರೇಡಿಯೇಶನ್ ಒಂದನ್ನೇ ಪಡೆದವರಲ್ಲಿ ಐದು ವರ್ಷ ಬದುಕಿದ್ದವರು ಶೇ 62. ಜೊತೆಗೆ ಮೂರು ವರ್ಷ ಗೋಸರೆಲಿನ್ ಪಡೆದವರಲ್ಲಿ ಶೇ 79. ನೂರು ಜನರಲ್ಲಿ ಹದಿನೇಳು ಮಂದಿಯ ವ್ಯತ್ಯಾಸ ಕ್ಯಾನ್ಸರ್ ಚಿಕಿತ್ಸೆಯಲ್ಲಿ ಅಪರೂಪ.

ಮೂಳೆಗೆ ಹರಡಿದ ಮೇಲಂತೂ ಹಾರ್ಮೋನ್ ತಡೆಯೇ ಚಿಕಿತ್ಸೆಯ ಬೆನ್ನೆಲುಬು. ಕಾದು ನೋಡಿ ಆಮೇಲೆ ಶುರು ಮಾಡೋಣ ಎಂದರೆ ಏನಾಗುತ್ತದೆ ಎಂಬುದನ್ನು ಬ್ರಿಟನ್ನಿನ ಮೆಡಿಕಲ್ ರಿಸರ್ಚ್ ಕೌನ್ಸಿಲ್ ಅಧ್ಯಯನ 1997ರಲ್ಲಿ ತೋರಿಸಿತು. ತಡವಾಗಿ ಶುರು ಮಾಡಿದವರಲ್ಲಿ ಬೆನ್ನುಹುರಿ ಅಮುಕಿ ಕಾಲು ಸ್ವಾಧೀನ ತಪ್ಪುವಂಥ ಅನಾಹುತಗಳು ಬೇಗ ಶುರು ಮಾಡಿದವರಿಗಿಂತ ಸುಮಾರು ಎರಡರಷ್ಟಿದ್ದವು. ಸೊಂಟನೋವು ಎಂದು ತಿಂಗಳುಗಟ್ಟಲೆ ಎಣ್ಣೆ ತಿಕ್ಕಿಸಿಕೊಂಡು, ನೋವಿನ ಮಾತ್ರೆ ನುಂಗಿ, ಕೊನೆಗೆ ಕಾಲು ಎತ್ತಲಾಗದೆ ಆಸ್ಪತ್ರೆಗೆ ಬರುವವರು ನಮ್ಮಲ್ಲಿ ಕಡಿಮೆಯಿಲ್ಲ. ಅಂಥವರಿಗೆ ‘ಅಡ್ಡಪರಿಣಾಮ ಇದೆ, ಬೇಡ’ ಎಂದು ಹೇಳುವುದು ದೊಡ್ಡ ಅಪರಾಧ.

ಹೊಸ ಔಷಧಿಗಳು ಲಾಭದ ತಟ್ಟೆಯನ್ನು ಇನ್ನೂ ಭಾರ ಮಾಡಿವೆ. ಇಂಜೆಕ್ಷನ್ ಜೊತೆ ಅಬಿರಟೆರಾನ್ ಮಾತ್ರೆಯನ್ನೂ ಆರಂಭದಿಂದಲೇ ಕೊಟ್ಟರೆ ಮೂರು ವರ್ಷಕ್ಕೆ ಬದುಕಿರುವವರು ಶೇ 49ರಿಂದ ಶೇ 66ಕ್ಕೆ ಏರುತ್ತಾರೆ ಎಂದು 2017ರ ಲ್ಯಾಟಿಟ್ಯೂಡ್ ಅಧ್ಯಯನ ತೋರಿಸಿತು. ತೀವ್ರವಾಗಿ ಹರಡಿದ ರೋಗ ಹೊಸದಾಗಿ ಪತ್ತೆಯಾದವರ ಮಾತಿದು. ಎನ್ಜಲುಟಮೈಡ್, ಅಪಲುಟಮೈಡ್, ಡಾರೊಲುಟಮೈಡ್‌ಗಳೂ ಇಂಥದ್ದೇ ಫಲ ಕೊಟ್ಟಿವೆ. ಒಂದು ಕಾಲಕ್ಕೆ ಎರಡು ಮೂರು ವರ್ಷದ ಮಾತಾಗಿದ್ದ ರೋಗದೊಡನೆ ಇಂದು ಹಲವರು ಅದಕ್ಕಿಂತ ಬಹಳ ಹೆಚ್ಚು ಕಾಲ ಬಾಳುತ್ತಿದ್ದಾರೆ. ಮೊಮ್ಮಗಳ ಮದುವೆ ನೋಡಿದವರಿದ್ದಾರೆ, ತೋಟಕ್ಕೆ ಮತ್ತೆ ನೀರು ಹಾಯಿಸಿದವರಿದ್ದಾರೆ. ಮೂಳೆನೋವು ಕೆಲವೇ ದಿನಗಳಲ್ಲಿ ಇಳಿದು ನಿದ್ದೆ ಬಂದದ್ದನ್ನು ಕಂಡ ಮನೆಯವರಿಗೆ ಈ ಚಿಕಿತ್ಸೆಯ ಬೆಲೆ ಗೊತ್ತು.

ದೇಹ ತೆರುವ ಬೆಲೆ

ಈಗ ಇನ್ನೊಂದು ಕಡೆ. ಮೊದಲು ಕಾಣಿಸುವುದು ಝಳ. ಹೆಂಗಸರಿಗೆ ಮುಟ್ಟು ನಿಲ್ಲುವಾಗ ಆಗುವಂತೆಯೇ ಇದ್ದಕ್ಕಿದ್ದಂತೆ ಎದೆ, ಕುತ್ತಿಗೆ, ಮುಖ ಬಿಸಿಯೇರಿ ಬೆವರು ಸುರಿಯುತ್ತದೆ. ಚಿಕಿತ್ಸೆ ಪಡೆಯುವ ಬಹುಪಾಲು ಗಂಡಸರಿಗೆ ಇದು ಬರುತ್ತದೆ. ಕೆಲವರಿಗೆ ದಿನಕ್ಕೊಂದೆರಡು ಸಲ, ಕೆಲವರಿಗೆ ರಾತ್ರಿಯಿಡೀ. ಮರುದಿನದ ಸುಸ್ತಿಗೆ ಒಂದು ಕಾರಣ ಈ ಕೆಟ್ಟ ನಿದ್ದೆ, ಇತರ ಕಾರಣಗಳು ಹಿಮೋಗ್ಲೋಬಿನ್ ಇಳಿಯುವುದು ಮತ್ತು ಸ್ನಾಯು ಕರಗುವುದು.

ದೇಹದ ಆಕಾರವೇ ಬದಲಾಗುತ್ತದೆ. ಬಾಸ್ಟನ್ನಿನ ಮ್ಯಾಥ್ಯೂ ಸ್ಮಿತ್ ತಂಡ 2002ರಲ್ಲಿ ಅಳೆದಂತೆ 48 ವಾರಗಳಲ್ಲಿ ಮೈಯ ಕೊಬ್ಬು ಸರಾಸರಿ ಶೇ 9.4 ಏರಿತು, ಸ್ನಾಯುಭಾಗ ಶೇ 2.7 ಇಳಿಯಿತು. ಕೈಕಾಲು ಸಣ್ಣಗಾಗಿ ಹೊಟ್ಟೆ ಮುಂದೆ ಬರುತ್ತದೆ, ಸಕ್ಕರೆ ಏರುತ್ತದೆ. ಬೈಕಾಲುಟಮೈಡ್ ಒಂದನ್ನೇ ತೆಗೆದುಕೊಳ್ಳುವವರಿಗೆ ಎದೆ ಬಾತು ನೋಯುತ್ತದೆ. ಮೈಮೇಲಿನ ರೋಮ ಕಡಿಮೆಯಾಗುತ್ತದೆ, ವೃಷಣ ಕುಗ್ಗುತ್ತದೆ.

ಕಣ್ಣಿಗೆ ಕಾಣದ ನಷ್ಟ ಮೂಳೆಯದು. ಮೊದಲ ವರ್ಷದಲ್ಲೇ ಮೂಳೆಯ ಸಾಂದ್ರತೆ ಅದೇ ವಯಸ್ಸಿನ ಇತರರಿಗಿಂತ ಹಲವು ಪಟ್ಟು ವೇಗವಾಗಿ ಕರಗುತ್ತದೆ. ಅಮೆರಿಕದ ಐವತ್ತು ಸಾವಿರಕ್ಕೂ ಹೆಚ್ಚು ಪ್ರಾಸ್ಟೇಟ್ ಕ್ಯಾನ್ಸರ್ ರೋಗಿಗಳ ದಾಖಲೆಗಳನ್ನು ನೋಡಿದ 2005ರ ಅಧ್ಯಯನದಲ್ಲಿ, ರೋಗ ಪತ್ತೆಯಾಗಿ ಐದು ವರ್ಷ ದಾಟಿದವರ ಪೈಕಿ ಹಾರ್ಮೋನ್ ತಡೆ ಪಡೆದ ಶೇ 19.4 ಮಂದಿಗೆ ಮೂಳೆ ಮುರಿದಿತ್ತು. ಪಡೆಯದವರಲ್ಲಿ ಅದು ಶೇ 12.6. ಎಪ್ಪತ್ತೈದರ ವಯಸ್ಸಿನಲ್ಲಿ ಬಚ್ಚಲಲ್ಲಿ ಜಾರಿ ಸೊಂಟದ ಮೂಳೆ ಮುರಿದರೆ ಅದು ಎಷ್ಟೋ ಮನೆಗಳಲ್ಲಿ ಕ್ಯಾನ್ಸರ್‌ಗಿಂತ ಬೇಗ ಮನುಷ್ಯನನ್ನು ಮಂಚಕ್ಕೆ ಕಟ್ಟಿಹಾಕುತ್ತದೆ.

ಹೃದಯದ ಪ್ರಶ್ನೆಯಲ್ಲಿ ಎರಡೂ ಕಡೆ ವಾದವಿದೆ. ಹಾರ್ವರ್ಡ್‌ನ ನ್ಯಾನ್ಸಿ ಕೀಟಿಂಗ್ 2006ರಲ್ಲಿ ಎಪ್ಪತ್ತು ಸಾವಿರಕ್ಕೂ ಹೆಚ್ಚು ಗಂಡಸರ ದಾಖಲೆ ಪರಿಶೀಲಿಸಿದಾಗ, ಈ ಇಂಜೆಕ್ಷನ್ ಪಡೆದವರಲ್ಲಿ ಸಕ್ಕರೆ ಕಾಯಿಲೆಯ ಅಪಾಯ ಶೇ 44, ಹೃದಯದ ರಕ್ತನಾಳಗಳ ಕಾಯಿಲೆಯ ಅಪಾಯ ಶೇ 16 ಹೆಚ್ಚಾಗಿತ್ತು. 2010ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಈ ಔಷಧಿಗಳ ಮೇಲೆ ಎಚ್ಚರಿಕೆ ಮುದ್ರಿಸಲು ಹೇಳಿತು. ಮರುವರ್ಷವೇ ಎಂಟು ನಿಯಂತ್ರಿತ ಅಧ್ಯಯನಗಳ ನಾಲ್ಕು ಸಾವಿರಕ್ಕೂ ಹೆಚ್ಚು ರೋಗಿಗಳನ್ನು ಒಟ್ಟುಗೂಡಿಸಿದ ವಿಶ್ಲೇಷಣೆ ಬೇರೆಯದನ್ನು ಹೇಳಿತು: ಹೃದಯ ಸಂಬಂಧಿ ಸಾವು ಹಾರ್ಮೋನ್ ತಡೆ ಪಡೆದವರಲ್ಲಿ ಶೇ 11.0, ಪಡೆಯದವರಲ್ಲಿ ಶೇ 11.2. ಅದೇ ವಿಶ್ಲೇಷಣೆಯಲ್ಲಿ ಪ್ರಾಸ್ಟೇಟ್ ಕ್ಯಾನ್ಸರ್‌ನಿಂದ ಸತ್ತವರು ಕ್ರಮವಾಗಿ ಶೇ 13.5 ಮತ್ತು ಶೇ 22.1.

ಈ ಎರಡನ್ನು ಪರಸ್ಪರ ವಿರುದ್ಧ ಎಂದು ಓದಬೇಕಿಲ್ಲ. ನಿಯಂತ್ರಿತ ಅಧ್ಯಯನಗಳಿಗೆ ಸೇರಿಸಿಕೊಳ್ಳುವುದು ಹೆಚ್ಚಾಗಿ ಗಟ್ಟಿಮುಟ್ಟಾದವರನ್ನು. ಆಸ್ಪತ್ರೆಗೆ ದಿನವೂ ಬರುವವರಲ್ಲಿ ಸಕ್ಕರೆ, ರಕ್ತದೊತ್ತಡ, ಹಿಂದೆ ಆದ ಹೃದಯಾಘಾತ ಎಲ್ಲ ಇರುತ್ತವೆ. ಹೃದಯ ಗಟ್ಟಿಯಿರುವವನಿಗೆ ಈ ಭಯ ಅಷ್ಟಾಗಿ ಬೇಡ, ಸ್ಟೆಂಟ್ ಹಾಕಿಸಿಕೊಂಡವನಿಗೆ ಬೇಕು ಎಂಬುದು ಎರಡೂ ಸೇರಿ ಹೇಳುವ ಮಾತು. ಔಷಧಿಯ ಆಯ್ಕೆಯಲ್ಲೂ ಇದು ಬರುತ್ತದೆ. 2020ರ ಹೀರೊ ಅಧ್ಯಯನದಲ್ಲಿ ಹೃದಯಾಘಾತ, ಪಾರ್ಶ್ವವಾಯುವಿನಂಥ ಘಟನೆಗಳು ಲ್ಯೂಪ್ರೊಲೈಡ್ ಪಡೆದ ಶೇ 6.2 ಮಂದಿಗೆ ಆದರೆ ರೆಲುಗೊಲಿಕ್ಸ್ ಪಡೆದವರಲ್ಲಿ ಶೇ 2.9 ಮಂದಿಗೆ ಆದವು. ಡೆಗರೆಲಿಕ್ಸ್ ಮತ್ತು ಲ್ಯೂಪ್ರೊಲೈಡನ್ನು ನೇರವಾಗಿ ಹೋಲಿಸಿದ ಪ್ರೊನೌನ್ಸ್ ಅಧ್ಯಯನ ಅಂಥ ವ್ಯತ್ಯಾಸ ಕಾಣಲಿಲ್ಲ, ಅದು ಅರ್ಧಕ್ಕೇ ನಿಂತಿತು ಕೂಡ. ಆದ್ದರಿಂದ ಹೊಸ ಔಷಧಿ ಹೃದಯಕ್ಕೆ ಸುರಕ್ಷಿತವೇ ಎಂದು ಪ್ರಮಾಣ ಮಾಡುವಂತಿಲ್ಲ, ಅದರ ಮಾತೇ ಎತ್ತಬಾರದು ಎನ್ನುವಂತೆಯೂ ಇಲ್ಲ.

ಬೇಡದವರಿಗೂ ಕೊಟ್ಟ ಕಾಲ

ವಿರೋಧದ ನಿಲುವಿಗೆ ಇನ್ನೊಂದು ಬಲವಾದ ಆಧಾರವಿದೆ. ಹಾರ್ಮೋನ್ ತಡೆಯನ್ನು ಲಾಭವಿಲ್ಲದವರಿಗೂ ಧಾರಾಳವಾಗಿ ಕೊಟ್ಟ ಚರಿತ್ರೆ ಅದು. ಗ್ರಂಥಿಯೊಳಗೇ ಇರುವ, ನಿಧಾನವಾಗಿ ಬೆಳೆಯುವ ಕ್ಯಾನ್ಸರ್ ಇರುವ ವೃದ್ಧರಿಗೆ ಬೇರೆ ಚಿಕಿತ್ಸೆ ಬೇಡವೆಂದು ಬರೀ ಈ ಇಂಜೆಕ್ಷನ್ ಕೊಡುವುದು ಅಮೆರಿಕದಲ್ಲಿ 1990ರ ದಶಕದಲ್ಲಿ ರೂಢಿಯಾಯಿತು. ಅಂಥ ಸುಮಾರು 19 ಸಾವಿರ ಮಂದಿಯನ್ನು ನೋಡಿದ 2008ರ ಅಧ್ಯಯನದಲ್ಲಿ ಅವರ ಆಯಸ್ಸು ಹೆಚ್ಚಿದ್ದು ಕಾಣಲಿಲ್ಲ. ಝಳ, ಸುಸ್ತು, ಮೂಳೆಸವೆತ ಮಾತ್ರ ಅವರ ಪಾಲಿಗೆ ಬಂದವು.

ಅದಕ್ಕಿಂತ ಮನಸ್ಸಿಗೆ ಚುಚ್ಚುವ ಸಂಗತಿ ಬೇರೆಯಿದೆ. ಅಲ್ಲಿನ ಸರ್ಕಾರಿ ವಿಮೆಯಾದ ಮೆಡಿಕೇರ್ ಈ ಇಂಜೆಕ್ಷನ್‌ಗಾಗಿ ವೈದ್ಯರಿಗೆ ಕೊಡುತ್ತಿದ್ದ ಹಣವನ್ನು 2004 ಮತ್ತು 2005ರಲ್ಲಿ ಕಡಿತಗೊಳಿಸಿತು. ಅಗತ್ಯವಿಲ್ಲದ ರೋಗಿಗಳಿಗೆ ಅದನ್ನು ಕೊಡುವ ಪ್ರಮಾಣ 2003ರಲ್ಲಿ ಶೇ 38.7 ಇದ್ದದ್ದು 2005ರ ಹೊತ್ತಿಗೆ ಶೇ 25.7ಕ್ಕೆ ಇಳಿಯಿತು. ನಿಜವಾಗಿ ಅಗತ್ಯವಿದ್ದವರಿಗೆ ಕೊಡುವುದು ಇಳಿಯಲಿಲ್ಲ. ರೋಗ ಬದಲಾಗಿರಲಿಲ್ಲ, ವಿಜ್ಞಾನವೂ ಬದಲಾಗಿರಲಿಲ್ಲ. ಬದಲಾದದ್ದು ಹಣದ ಲೆಕ್ಕ. ಇದು ಅಮೆರಿಕದ ವ್ಯವಸ್ಥೆಯ ಕಥೆಯಾದರೂ ‘ಇದು ನನಗೆ ಯಾಕೆ ಬೇಕು?’ ಎಂದು ರೋಗಿ ಎಲ್ಲಿದ್ದರೂ ಕೇಳಬೇಕು ಎಂಬುದಕ್ಕೆ ಇದಕ್ಕಿಂತ ಬೇರೆ ಕಾರಣ ಬೇಡ.

ಹಾಗಾದರೆ ಬಿಟ್ಟು ಬಿಟ್ಟು ಕೊಡಬಹುದೆ? ರಕ್ತಪರೀಕ್ಷೆಯಲ್ಲಿ ಈ ಕ್ಯಾನ್ಸರ್‌ನ ಏರಿಳಿತ ಸೂಚಿಸುವ ಪಿಎಸ್‌ಎ ಇಳಿದಾಗ ನಿಲ್ಲಿಸಿ, ಏರಿದಾಗ ಮತ್ತೆ ಶುರು ಮಾಡುವ ಕ್ರಮವಿದು. ರೇಡಿಯೇಶನ್ ಆದ ಮೇಲೆ ಪಿಎಸ್‌ಎ ಮಾತ್ರ ಏರುತ್ತಿದ್ದ 1,386 ಮಂದಿಯ ಮೇಲೆ ನಡೆದ ಅಧ್ಯಯನ 2012ರಲ್ಲಿ ಹೊರಬಂತು. ಬಿಟ್ಟು ಬಿಟ್ಟು ಪಡೆದವರ ಮಧ್ಯಕ ಆಯಸ್ಸು 8.8 ವರ್ಷ, ಎಡೆಬಿಡದೆ ಪಡೆದವರದು 9.1 ವರ್ಷ. ಹೆಚ್ಚುಕಡಿಮೆ ಸಮ. ಬಿಡುವಿನ ತಿಂಗಳುಗಳಲ್ಲಿ ಝಳ ತಗ್ಗಿತು, ಆಸಕ್ತಿ ಮರಳಿತು. ಆದರೆ ಹರಡಿದ ರೋಗವಿದ್ದವರ ಮೇಲೆ ನಡೆದ 2013ರ ಅಧ್ಯಯನದಲ್ಲಿ ಎಡೆಬಿಡದೆ ಪಡೆದವರು 5.8 ವರ್ಷ, ಬಿಟ್ಟು ಪಡೆದವರು 5.1 ವರ್ಷ ಬದುಕಿದರು. ಬಿಡುವು ಕೊಟ್ಟರೆ ನಷ್ಟವಿಲ್ಲ ಎಂದು ಹೇಳಲು ಅಲ್ಲಿ ಆಗಲಿಲ್ಲ. ಒಂದೇ ಉಪಾಯ ಒಂದು ಹಂತದಲ್ಲಿ ನ್ಯಾಯ, ಇನ್ನೊಂದು ಹಂತದಲ್ಲಿ ಜೂಜು. ಬಿಡುವು ಕೊಟ್ಟೊಡನೆ ಎಲ್ಲವೂ ಮರಳುತ್ತದೆ ಎಂದೂ ತಿಳಿಯಬಾರದು. ಕೊನೆಯ ಇಂಜೆಕ್ಷನ್ ಆಗಿ ಟೆಸ್ಟೋಸ್ಟಿರಾನ್ ಏರಲು ತಿಂಗಳುಗಳು ಬೇಕು. ವಯಸ್ಸಾದವರಲ್ಲಿ, ವರ್ಷಗಟ್ಟಲೆ ಪಡೆದವರಲ್ಲಿ ಅದು ಪೂರ್ತಿ ಮರಳದೆಯೂ ಇರಬಹುದು.

ಇಂಜೆಕ್ಷನ್ನೋ, ಶಸ್ತ್ರಚಿಕಿತ್ಸೆಯೋ

ನಮ್ಮ ದೇಶದಲ್ಲಿ ಈ ತೂಗಾಟಕ್ಕೆ ಇನ್ನೊಂದು ಮುಖವಿದೆ. ವರ್ಷಗಟ್ಟಲೆ ಇಂಜೆಕ್ಷನ್ ಕೊಳ್ಳುವ ಹಣ ಇಲ್ಲದವರಿಗೆ, ಊರಿಂದ ಆಸ್ಪತ್ರೆಗೆ ಮೂರು ತಿಂಗಳಿಗೊಮ್ಮೆ ಬರಲಾಗದವರಿಗೆ ವೃಷಣ ತೆಗೆಯುವ ಶಸ್ತ್ರಚಿಕಿತ್ಸೆಯನ್ನು ವೈದ್ಯರು ಸೂಚಿಸುತ್ತಾರೆ. ಹಳ್ಳಿಯವರು ‘ಬೀಜ ತೆಗೆಸೋದು’ ಎಂದು ತಗ್ಗಿದ ದನಿಯಲ್ಲಿ ಹೇಳುವುದು ಇದನ್ನೇ. ಒಂದೇ ಸಲದ ಖರ್ಚು. ಆ ಜಾಗವನ್ನಷ್ಟೇ ಮರಗಟ್ಟಿಸಿಯೂ ಮಾಡಬಹುದು. ಒಂದು ದಿನದೊಳಗೆ ಟೆಸ್ಟೋಸ್ಟಿರಾನ್ ಕೆಳಮಟ್ಟಕ್ಕೆ ಬರುತ್ತದೆ, ಆರಂಭದ ಏರಿಕೆಯ ಅಪಾಯವಿಲ್ಲ. ಬೆನ್ನುಹುರಿ ಅಮುಕಿ ಕಾಲು ಸೋಲುತ್ತಿರುವವನಿಗೆ ಇದು ವರ. ಮನೆ ಸಾಲಕ್ಕೆ ಬೀಳದಂತೆ ಉಳಿಸುತ್ತದೆ ಎಂಬುದೂ ಸಣ್ಣ ಮಾತಲ್ಲ.

ಇದರ ಬೆಲೆಯೂ ಸ್ಪಷ್ಟ. ಹಿಂದಿರುಗುವ ದಾರಿ ಇಲ್ಲ. ಬಿಟ್ಟು ಬಿಟ್ಟು ಕೊಡುವ ಕ್ರಮಕ್ಕೆ ಅವಕಾಶವಿಲ್ಲ. ಮೂರೇ ವರ್ಷ ಸಾಕಿದ್ದ ರೇಡಿಯೇಶನ್ ರೋಗಿಗೆ ಇದು ಜೀವನಪರ್ಯಂತದ ತೀರ್ಮಾನವಾಗಿಬಿಡುತ್ತದೆ. ಗಂಡಸುತನದ ಬಗ್ಗೆ ಮನಸ್ಸಿನಲ್ಲಿ ಆಳವಾಗಿ ಕುಳಿತ ಭಾವನೆಗಳಿಗೆ ಬೀಳುವ ಪೆಟ್ಟನ್ನು ವೈದ್ಯರು ಲಘುವಾಗಿ ತೆಗೆದುಕೊಳ್ಳಬಾರದು. ಮೂಳೆಗೆ ಹರಡಿದ, ಜೀವನವಿಡೀ ಹಾರ್ಮೋನ್ ತಡೆ ಬೇಕೇಬೇಕಾದ, ಹಣದ ತಾಪತ್ರಯವಿರುವ ರೋಗಿ ತಿಳಿದು ಒಪ್ಪಿದರೆ ಶಸ್ತ್ರಚಿಕಿತ್ಸೆ ಗೌರವದ ಆಯ್ಕೆ. ಸಮಯವಿಲ್ಲವೆಂದು ವಿವರಿಸದೆ ಸಹಿ ಹಾಕಿಸಿಕೊಂಡರೆ ಅದು ಅನ್ಯಾಯ.

ಮನೆಯೊಳಗಿನ ಮೌನ

ಎರಡೂ ನಿಲುವಿನವರು ಸರಿಯಾಗಿ ತೂಗದೆ ಬಿಡುವ ಭಾಗ ಇದು. ಕಾಮಾಸಕ್ತಿ ಕುಂದುವುದು ಬಹುಪಾಲು ಎಲ್ಲರಿಗೂ ಆಗುತ್ತದೆ. ಎಪ್ಪತ್ತರ ವಯಸ್ಸಿನವರಿಗೆ ಇದೆಲ್ಲ ಯಾಕೆ ಎಂಬ ಧೋರಣೆ ನಮ್ಮಲ್ಲಿ ಗಟ್ಟಿಯಾಗಿದೆ. ಆ ಪ್ರಶ್ನೆಗೆ ಉತ್ತರ ಕೊಡಬೇಕಾದವರು ಆ ಗಂಡ ಹೆಂಡತಿ ಮಾತ್ರ. ಆಸಕ್ತಿ ಕುಂದಿದ ಗಂಡ ಸೋತವನಂತೆ ದೂರ ಸರಿಯುತ್ತಾನೆ, ಬೇರೆ ಕೋಣೆಯಲ್ಲಿ ಮಲಗುತ್ತಾನೆ, ಕೈ ಹಿಡಿಯುವುದನ್ನೂ ಬಿಡುತ್ತಾನೆ. ತನ್ನ ಮೇಲೆ ಬೇಸರವೆಂದು ಹೆಂಡತಿ ತಿಳಿಯುತ್ತಾಳೆ. ಔಷಧಿ ತೆಗೆದುಕೊಂಡದ್ದು ಕಾಮವನ್ನು. ಅಪ್ಪುಗೆ, ಒತ್ತಾಸೆ, ಜೊತೆಗಿರುವ ಮಾತು ಹೋದದ್ದು ಯಾರೂ ವಿವರಿಸಿ ಹೇಳದ ಕಾರಣಕ್ಕೆ.

ಕೆನಡಾದ ವಿಜ್ಞಾನಿ ರಿಚರ್ಡ್ ವಾಸರ್ಸಗ್ ತಾವೇ ಈ ಚಿಕಿತ್ಸೆ ಪಡೆದವರು. ಸಹೋದ್ಯೋಗಿಗಳೊಂದಿಗೆ ಅವರು ಬರೆದ ಕೈಪಿಡಿ ರೋಗಿಗಳನ್ನೂ ಅವರ ಆಪ್ತರನ್ನೂ ಒಟ್ಟಿಗೆ ಉದ್ದೇಶಿಸಿದ್ದು. ಚಿಕಿತ್ಸೆ ಪಡೆಯಲಿರುವ ಗಂಡಸರಿಗೂ ಅವರ ಸಂಗಾತಿಗಳಿಗೂ ಅಡ್ಡಪರಿಣಾಮಗಳ ಅರಿವು ತೀರಾ ಕಡಿಮೆ ಎಂದು ಅಲ್ಲಿನ ಸಂಶೋಧಕರು ದಾಖಲಿಸಿದ್ದಾರೆ. ಮಾಹಿತಿಗೆ ಕೊರತೆಯಿಲ್ಲದ ದೇಶದಲ್ಲೇ ಹೀಗಾದರೆ, ಇಂಥ ಮಾತನ್ನು ಮನೆಯಲ್ಲಿ ಎತ್ತುವುದೇ ಅಶ್ಲೀಲ ಎನ್ನುವ ನಮ್ಮಲ್ಲಿ ಹೇಗಿದ್ದೀತು?

ಮನಸ್ಸಿನ ಬದಲಾವಣೆಗಳಿಗೂ ಎರಡು ಮುಖ. ಕೆಲವರಿಗೆ ಖಿನ್ನತೆ ಕವಿಯುತ್ತದೆ, ಕಾರಣವಿಲ್ಲದೆ ಕಣ್ಣು ತುಂಬುತ್ತದೆ, ಸಣ್ಣದಕ್ಕೂ ರೇಗುತ್ತಾರೆ. ನೆನಪಿನ ಶಕ್ತಿಯ ಮೇಲಿನ ಪರಿಣಾಮದ ಬಗ್ಗೆ ಅಧ್ಯಯನಗಳು ಒಮ್ಮತಕ್ಕೆ ಬಂದಿಲ್ಲ. ಇನ್ನು ಕೆಲವರು ತಾವು ಮೊದಲಿಗಿಂತ ಮೆತ್ತಗಾಗಿದ್ದೇವೆ, ಮಕ್ಕಳ ಮಾತಿಗೆ ಕಿವಿ ಕೊಡುತ್ತೇವೆ ಎಂದು ಹೇಳುವುದೂ ಉಂಟು. ಒಬ್ಬನ ಅನುಭವವನ್ನು ಇನ್ನೊಬ್ಬನಿಗೆ ಭವಿಷ್ಯವೆಂದು ಹೇಳಲಾಗದು. ಆದರೆ ಖಿನ್ನತೆ ಬಂದರೆ ಅದಕ್ಕೂ ಮದ್ದಿದೆ. ‘ಕ್ಯಾನ್ಸರ್ ಬಂದವರಿಗೆ ದುಃಖ ಇದ್ದೇ ಇರುತ್ತದೆ’ ಎಂದು ಅದನ್ನು ಬಿಟ್ಟುಬಿಡಬಾರದು.

ಬೆಲೆಯನ್ನು ಇಳಿಸಬಹುದು

ಲಾಭ ನಷ್ಟಗಳ ವಾದದಲ್ಲಿ ಬೆಲೆಯನ್ನು ಬದಲಾಗದ ಮೊತ್ತ ಎಂದು ಇಬ್ಬರೂ ತಿಳಿದಿರುತ್ತಾರೆ. ಅದು ಹಾಗಿಲ್ಲ. ಕೆನಡಾದಲ್ಲಿ ಈ ಚಿಕಿತ್ಸೆ ಪಡೆಯುತ್ತಿದ್ದ 155 ಗಂಡಸರ ಮೇಲೆ ನಡೆದ 2003ರ ಅಧ್ಯಯನದಲ್ಲಿ, ವಾರಕ್ಕೆ ಮೂರು ದಿನದಂತೆ ಹನ್ನೆರಡು ವಾರ ಭಾರ ಎತ್ತುವ ವ್ಯಾಯಾಮ ಮಾಡಿದವರಿಗೆ ಸುಸ್ತು ಕಡಿಮೆಯಾಯಿತು, ಬಲ ಹೆಚ್ಚಿತು. ಸುಸ್ತಿಗೆ ವಿಶ್ರಾಂತಿಯೇ ಮದ್ದು ಎಂದು ಮನೆಯವರು ಪ್ರೀತಿಯಿಂದ ಕುರ್ಚಿಯಲ್ಲಿ ಕೂರಿಸುವುದು ಇಲ್ಲಿ ಹಾನಿಯನ್ನೇ ಹೆಚ್ಚಿಸುತ್ತದೆ. ಜಿಮ್ ಇಲ್ಲದ ಊರಲ್ಲೂ ಕುರ್ಚಿಯಿಂದ ಕೈ ಊರದೆ ಹತ್ತು ಸಲ ಏಳುವುದು, ಗೋಡೆಗೆ ಕೈಯಿಟ್ಟು ದಂಡ ಹೊಡೆಯುವುದು, ನೀರು ತುಂಬಿದ ಬಾಟಲಿ ಎತ್ತುವುದು ಸಾಧ್ಯ. ಬೆಳಗಿನ ನಡಿಗೆ ಒಳ್ಳೆಯದು, ಆದರೆ ನಡಿಗೆಯೊಂದೇ ಸ್ನಾಯುವನ್ನು ಉಳಿಸದು. ಕ್ಯಾನ್ಸರ್ ಮೂಳೆಯಲ್ಲಿದ್ದರೆ ಯಾವ ಭಾರ ಎತ್ತಬಹುದೆಂದು ಮೊದಲು ವೈದ್ಯರನ್ನು ಕೇಳಬೇಕು.

ಮೂಳೆಗೆ ಕ್ಯಾಲ್ಸಿಯಂ, ವಿಟಮಿನ್ ಡಿ ಬೇಕು. ನಮ್ಮ ರಾಗಿಯಲ್ಲಿ ನೂರು ಗ್ರಾಂಗೆ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ಹಾಲು, ಮೊಸರು ಒಗ್ಗುವವರಿಗೆ ಅವೂ ಆಗಬಹುದು. ಚಿಕಿತ್ಸೆ ಶುರುವಾಗುವ ಮುನ್ನ ಮೂಳೆ ಸಾಂದ್ರತೆಯ ಡೆಕ್ಸಾ ಸ್ಕ್ಯಾನ್ ಮಾಡಿಸಿದರೆ ಯಾರಿಗೆ ಹೆಚ್ಚಿನ ರಕ್ಷಣೆ ಬೇಕೆಂದು ಗೊತ್ತಾಗುತ್ತದೆ. ಆರು ತಿಂಗಳಿಗೊಮ್ಮೆ ಡೆನೊಸುಮ್ಯಾಬ್ ಪಡೆದವರಲ್ಲಿ ಮೂರು ವರ್ಷದಲ್ಲಿ ಹೊಸದಾಗಿ ಬೆನ್ನುಮೂಳೆ ಮುರಿದದ್ದು ಶೇ 1.5, ಪಡೆಯದವರಲ್ಲಿ ಶೇ 3.9 ಎಂದು 2009ರ ಅಧ್ಯಯನ ತೋರಿಸಿದೆ. ಹಲ್ಲು ಕೀಳಿಸುವ ಕೆಲಸವಿದ್ದರೆ ಇಂಥ ಔಷಧಿಗೆ ಮೊದಲೇ ಮುಗಿಸಿಕೊಳ್ಳಬೇಕು, ಏಕೆಂದರೆ ದವಡೆಯ ಮೂಳೆಗೆ ಇದರಿಂದ ಅಪರೂಪಕ್ಕೆ ಹಾನಿಯಾಗುತ್ತದೆ. ಬಚ್ಚಲಿಗೆ ಹಿಡಿಕೆ ಹಾಕಿಸುವುದಕ್ಕಂತೂ ಅಧ್ಯಯನದ ಪುರಾವೆ ಬೇಕಿಲ್ಲ.

ಝಳಕ್ಕೆ ವೆನ್ಲಾಫ್ಯಾಕ್ಸಿನ್, ಮೆಡ್ರಾಕ್ಸಿಪ್ರೊಜೆಸ್ಟಿರಾನ್‌ನಂಥ ಔಷಧಿಗಳಿವೆ. ಖಾರದ ಊಟ, ಮದ್ಯ, ಬಿಸಿ ಕಾಫಿ ಅದನ್ನು ಕೆಣಕುತ್ತವೆಯೇ ಎಂದು ಅವರವರೇ ಗಮನಿಸಿಕೊಳ್ಳಬಹುದು. ಬ್ರಿಟನ್ನಿನ ಪ್ಯಾಚ್ ಅಧ್ಯಯನ ಇನ್ನೊಂದು ಬಾಗಿಲು ತೆರೆದಿದೆ. ಈಸ್ಟ್ರೋಜನ್ನನ್ನು ಮಾತ್ರೆಯಾಗಿ ನುಂಗದೆ ಚರ್ಮಕ್ಕೆ ಪಟ್ಟಿಯಾಗಿ ಅಂಟಿಸಿದರೆ ಕ್ಯಾನ್ಸರ್ ಇಂಜೆಕ್ಷನ್‌ನಷ್ಟೇ ಹತೋಟಿಯಲ್ಲಿರುತ್ತದೆ, ಹಳೆಯ ಮಾತ್ರೆಯ ಹೃದಯದ ಅಪಾಯ ಕಾಣುವುದಿಲ್ಲ, ಝಳವೂ ಕಡಿಮೆ. ಎದೆ ಬಾಯುವುದು ಮಾತ್ರ ಹೆಚ್ಚು. ಇಲ್ಲೂ ಒಂದನ್ನು ಕೊಟ್ಟು ಇನ್ನೊಂದನ್ನು ಪಡೆಯುವ ಲೆಕ್ಕವೇ. ಆದರೆ ಯಾವುದನ್ನು ಕೊಡಬೇಕೆಂದು ಆರಿಸುವ ಅವಕಾಶವಾದರೂ ರೋಗಿಗೆ ಸಿಗುತ್ತದೆ.

ಒಂದು ಎಚ್ಚರಿಕೆ. ಸುಸ್ತು ಹೋಗಲಾಡಿಸುವ, ಗಂಡಸರ ಶಕ್ತಿ ಹೆಚ್ಚಿಸುವ ಲೇಹ್ಯ, ಪುಡಿ, ಕ್ಯಾಪ್ಸೂಲ್‌ಗಳನ್ನು ವೈದ್ಯರಿಗೆ ಹೇಳದೆ ತೆಗೆದುಕೊಳ್ಳಬೇಡಿ. ಟೆಸ್ಟೋಸ್ಟಿರಾನ್ ಹೆಚ್ಚಿಸುವ ಯಾವುದೇ ವಸ್ತು ಚಿಕಿತ್ಸೆಗೆ ನೇರ ವಿರೋಧಿ.

ನನ್ನ ತೀರ್ಮಾನ

ಮೂಳೆಗೆ ಹರಡಿದ ರೋಗಕ್ಕೆ, ಅಪಾಯ ಹೆಚ್ಚಿರುವ ಕ್ಯಾನ್ಸರ್‌ಗೆ ರೇಡಿಯೇಶನ್ ಜೊತೆ ಕೊಡುವಾಗ, ಹಾರ್ಮೋನ್ ತಡೆಯ ಲಾಭ ಅದರ ಬೆಲೆಗಿಂತ ದೊಡ್ಡದು. ಅಲ್ಲಿ ಅಡ್ಡಪರಿಣಾಮದ ಭಯದಿಂದ ಚಿಕಿತ್ಸೆ ಬಿಡುವುದು ತಪ್ಪು, ಬಿಡುವಂತೆ ಸಲಹೆ ಕೊಡುವ ನೆಂಟರು ಹೊಣೆ ಹೊರಬೇಕಾದೀತು. ಗ್ರಂಥಿಯೊಳಗೇ ಇರುವ ನಿಧಾನಗತಿಯ ಕ್ಯಾನ್ಸರ್‌ಗೆ, ಬೇರೆ ಕಾಯಿಲೆಗಳಿಂದ ಬಳಲುವ ವೃದ್ಧನಿಗೆ, ಕೇವಲ ಪಿಎಸ್‌ಎ ನಿಧಾನವಾಗಿ ಏರುತ್ತಿರುವವನಿಗೆ ತಕ್ಷಣ ಶುರು ಮಾಡುವ ವಾದ ದುರ್ಬಲ. ಅಲ್ಲಿ ಕಾಯುವುದು, ಬಿಟ್ಟು ಬಿಟ್ಟು ಪಡೆಯುವುದು ನಿರ್ಲಕ್ಷ್ಯವಲ್ಲ, ವಿವೇಕ.

ಆದರೆ ಯಾವ ಹಂತವಾದರೂ ಸರಿ, ವಿರೋಧಿಗಳ ಒಂದು ಮಾತನ್ನು ಪೂರ್ತಿ ಒಪ್ಪಲೇಬೇಕು. ಜೀವ ಉಳಿಸಿದೆವು, ಉಳಿದದ್ದನ್ನು ಸಹಿಸಿಕೊಳ್ಳಿ ಎನ್ನುವ ಹಕ್ಕು ಯಾರಿಗೂ ಇಲ್ಲ. ಮೂಳೆ, ಸಕ್ಕರೆ, ಹೃದಯ, ಮನಸ್ಸು, ದಾಂಪತ್ಯಗಳ ಆರೈಕೆ ಈ ಚಿಕಿತ್ಸೆಯದೇ ಭಾಗ. ಇಂಜೆಕ್ಷನ್ ಮಾತ್ರ ಕೊಟ್ಟು ಕಳಿಸುವ ಆಸ್ಪತ್ರೆ ಅರ್ಧ ಚಿಕಿತ್ಸೆಯನ್ನಷ್ಟೇ ಕೊಟ್ಟಿರುತ್ತದೆ.

ಮೊದಲ ಇಂಜೆಕ್ಷನ್‌ಗೆ ಹೋಗುವ ದಿನ ಒಬ್ಬರೇ ಹೋಗಬೇಡಿ, ಹೆಂಡತಿಯನ್ನೋ ಮಕ್ಕಳನ್ನೋ ಕರೆದುಕೊಂಡು ಹೋಗಿ. ಇದು ನನಗೆ ಎಷ್ಟು ಆಯಸ್ಸು ಕೊಡಬಹುದು, ಎಷ್ಟು ಕಾಲ ಪಡೆಯಬೇಕು, ಬಿಡುವು ಸಾಧ್ಯವೆ, ಮೂಳೆ ಮತ್ತು ಹೃದಯದ ಪರೀಕ್ಷೆ ಯಾವಾಗ ಎಂಬ ಪ್ರಶ್ನೆಗಳನ್ನು ಚೀಟಿಯಲ್ಲಿ ಬರೆದುಕೊಂಡು ಕೇಳಿ. ಶುರುವಾದ ಮೇಲೆ ಎಷ್ಟೇ ಕಷ್ಟವಾದರೂ ನಿಮ್ಮಷ್ಟಕ್ಕೆ ನೀವೇ ನಿಲ್ಲಿಸಬೇಡಿ, ಆ ಕಷ್ಟವನ್ನು ವೈದ್ಯರಿಂದ ಮುಚ್ಚಿಡಲೂ ಬೇಡಿ. ಕೇಳಿದ ಪ್ರಶ್ನೆಗೆ ಉತ್ತರ ಕೊಡುವುದು ವೈದ್ಯರ ಕರ್ತವ್ಯ, ಕೇಳುವುದು ನಿಮ್ಮ ಹಕ್ಕು.